ತಪ್ಪಿದ ಬಂದೂಕು

ನಮ್ಮೂರಲ್ಲಿ ಯಾರಾದರೂ ಕುಂಟುತ್ತಾ ಬಂದರೆ ಏನಾಯಿತು ಎಂದು ಕೇಳುವ ರೂಢಿಯಿಲ್ಲ. ಯಾರಿಗೆ ಹೊಡೆಯಲು ಹೋಗಿ ಹೀಗಾಯಿತು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಗೌಡರು ತಮ್ಮ ತಾಯಿಯ ಹಿಂಗಾಲಿಗೆ ಹೊಡೆದು ಇಪ್ಪತ್ತು ವರ್ಷದಿಂದ ಬಲಗಾಲು ಎಳೆಯುತ್ತಾ ನಡೆಯುತ್ತಾರೆ. ಶಾಲೆಯ ಮೇಷ್ಟ್ರು ತಮ್ಮನ ಹೊಟ್ಟೆಗೆ ಹೊಡೆದರು; ಇವತ್ತಿಗೂ ಪಾಠ ಮಾಡುವಾಗ ಒಂದು ಕೈ ಹೊಟ್ಟೆಯ ಮೇಲೇ ಇರುತ್ತದೆ. ಅದಕ್ಕೇ ನನ್ನ ಅಂಗಡಿಗೆ ಬಂದವರಿಗೆ ಮೊದಲು ಒಂದು ಮಾತು ಹೇಳುತ್ತೇನೆ. ಅವಸರ ಬೇಡ. ಬಂದೂಕು ಆರಿಸುವುದೆಂದರೆ ಹೆಣ್ಣು ನೋಡಿದ ಹಾಗಲ್ಲ. ಅಲ್ಲಿ ತಪ್ಪಾದರೆ ಹೇಗೋ ಸುಧಾರಿಸಿಕೊಂಡು ಹೋಗಬಹುದು, ಇಲ್ಲಿ ತಪ್ಪಾದರೆ ಸಾಯುವ ತನಕ ನೋವು. ಎಲ್ಲರೂ ನಗುತ್ತಾರೆ. ಇಷ್ಟು ವರ್ಷ ನಾನೂ ನಕ್ಕಿದ್ದೇನೆ.

ಪುಷ್ಯ ಮಾಸದಲ್ಲಿ, ಆ ವರ್ಷ ತೀರಿಕೊಂಡವರು ಜಿಂಕೆಯಾಗಿ ಗುಡ್ಡ ಇಳಿದು ಬರುತ್ತಾರೆ. ಊರ ಹೊರಗಿನ ಗಡಿಹೊಲದ ಅಂಚಿನಲ್ಲಿ ಬೆಳಿಗ್ಗೆ ಹೊತ್ತು ನಿಲ್ಲುತ್ತಾರೆ. ಕತ್ತು ತಿರುಗಿಸುವ ರೀತಿಯಲ್ಲೋ, ನಿಲ್ಲುವ ಠೀವಿಯಲ್ಲೋ ಅವರವರ ಮನೆಯವರಿಗೆ ಗುರುತು ಸಿಗುತ್ತದೆ. ಗಂಡ ಸತ್ತಿದ್ದರೆ ಹೆಂಡತಿ, ಹೆಂಡತಿ ಸತ್ತಿದ್ದರೆ ಗಂಡ, ಅವರಿಲ್ಲದಿದ್ದರೆ ಹತ್ತಿರದ ರಕ್ತಸಂಬಂಧದವರು ಹೊಡೆಯಬೇಕು. ಮನೆಗೆ ಒಂದೇ ತೋಟಾ. ಗುಂಡು ಎದೆಗೆ ಬಿದ್ದರೆ ಜಿಂಕೆಯನ್ನು ತಂದು ಹಿತ್ತಿಲಲ್ಲಿ ಮಣ್ಣು ಮಾಡುತ್ತಾರೆ, ಸತ್ತವರ ನೆನಪು ಆ ಮನೆಯಲ್ಲಿ ನಿಲ್ಲುತ್ತದೆ. ಬೇರೆಲ್ಲೋ ಬಿದ್ದರೆ ಹೊಡೆದವರಿಗೆ ಅದೇ ಜಾಗದಲ್ಲಿ ನೋವು. ಪೂರ್ತಿ ತಪ್ಪಿದರೆ ಜಿಂಕೆ ಗುಡ್ಡ ಹತ್ತಿ ಆಚೆ ಹೋಗಿಬಿಡುತ್ತದೆ, ಮನೆಯವರು ಹೊಲದಿಂದ ವಾಪಸಾಗುವಷ್ಟರಲ್ಲಿ ಸತ್ತವರ ಹೆಸರು, ಮುಖ, ದನಿ ಎಲ್ಲ ಅಳಿಸಿಹೋಗಿರುತ್ತದೆ. ಹೊಡೆಯದೆ ಸುಮ್ಮನಿರೋಣ ಎಂದರೆ ಅದೂ ಆಗುವುದಿಲ್ಲ. ಗುಂಡಿನ ಸದ್ದು ಕೇಳದ ಜಿಂಕೆ ಹಿಂದಿಂದೆಯೇ ಮನೆಗೆ ಬಂದು ಒಳಗೆ ಮಲಗುತ್ತದೆ.

ಬಂದೂಕು ಕೊಡುವವನು ನಾನು, ಕುಬೇರಪ್ಪ. ಕೊಟ್ಟದ್ದು ಹೊಡೆದ ಮೇಲೆ ನನಗೇ ವಾಪಸು ಬರುತ್ತದೆ. ಎಲ್ಲವೂ ಬೋಲ್ಟ್ ಎಳೆದು ಒಂದೊಂದೇ ತೋಟಾ ತುಂಬುವ ರೈಫಲ್‌ಗಳು, ಮೇಲೆ ದುರ್ಬೀನು. ಬಂದವರ ಮೊಣಕೈಯಿಂದ ಬೆರಳಿನ ತುದಿಯವರೆಗೆ ಅಳೆದು ಅವರ ಭುಜಕ್ಕೆ ಸರಿಹೋಗುವ ಹಿಡಿ ನೋಡುತ್ತೇನೆ. ದೊಡ್ಡ ತೋಟಾದ ಬಂದೂಕು ಬೇಕು ಎಂದು ಗಂಡಸರು ಜಂಬ ಮಾಡುತ್ತಾರೆ; ಅದರ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಹೊಟ್ಟೆಗೆ ಹೊಡೆಯುವವರೂ ಅವರೇ. ಕಣ್ಣನ್ನು ದುರ್ಬೀನಿಗೆ ತೀರಾ ಒತ್ತಬೇಡಿ ಎಂದು ಎಷ್ಟು ಬಡಿದುಕೊಂಡರೂ ಕೇಳುವುದಿಲ್ಲ. ನಮ್ಮೂರಲ್ಲಿ ಅರ್ಧ ಜನರ ಹುಬ್ಬಿನ ಮೇಲೆ ಬಳೆಚೂರಿನಂಥ ಗುರುತಿದೆ. ಮತ್ತೆ ದುರ್ಬೀನು. ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುವುದು ಸಾಕು. ಒಂಬತ್ತು ಪಟ್ಟಿನದರಲ್ಲಿ ಜಿಂಕೆಯ ಕಣ್ಣು ಕಾಣುತ್ತದೆ. ಕಣ್ಣು ಕಂಡವರ ಕೈ ನಿಲ್ಲುವುದಿಲ್ಲ.

ಇಷ್ಟೆಲ್ಲ ಬುದ್ಧಿ ಹೇಳುವ ನಾನೇ ಒಮ್ಮೆ ಗುರಿ ತಪ್ಪಿದವನು. ಹನ್ನೊಂದು ವರ್ಷವಾಯಿತಂತೆ. ಯಾರಿಗೆ ಹೊಡೆಯಬೇಕಿತ್ತು ಎಂಬುದು ನನಗೆ ಗೊತ್ತಿಲ್ಲ. ನನ್ನ ಮನೆಯ ಗೂಟದಲ್ಲಿ ಅರ್ಧ ಹೊಲಿದ ಕೌದಿಯೊಂದು ನೇತಾಡುತ್ತದೆ, ಸೂಜಿ ಇನ್ನೂ ಅದರಲ್ಲೇ ಇದೆ. ನಿನ್ನ ಹೆಂಡತಿಯದು ಎಂದು ಯಾರೋ ಹೇಳಿದರು. ಇರಬಹುದು. ತಪ್ಪಿದವರಿಗೆ ಎಷ್ಟು ಹೇಳಿದರೂ ಅಷ್ಟೇ, ಬೇರೆ ಯಾರದೋ ಮನೆಯ ಸುದ್ದಿ ಕೇಳಿದ ಹಾಗಿರುತ್ತದೆ, ಬೀದಿಯ ತಿರುವು ದಾಟುವಷ್ಟರಲ್ಲಿ ಮರೆತುಹೋಗುತ್ತದೆ. ಬಂದೂಕಿನವನೇ ಗುರಿ ತಪ್ಪಿದ ಎಂದು ಊರವರು ಆಡಿಕೊಂಡಾಗ, ನಡೆಯುವವನು ಎಡವದೆ ಕುಳಿತವನು ಎಡವುತ್ತಾನೆಯೇ ಎಂದು ನಾನೂ ಬಾಯಿ ಮುಚ್ಚಿಸುತ್ತಿದ್ದೆ. ಆ ಬಂದೂಕು ಅಂಗಡಿಯ ಹಿಂಗೋಡೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ತಪ್ಪಿದ ಬಂದೂಕನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ.

ಈ ಸಲ ಪುಷ್ಯ ಶುರುವಾದ ಮೂರನೆಯ ದಿನ ಮಾಳಮ್ಮ ಬಂದಳು. ನನ್ನ ಮನೆಯ ಪಕ್ಕದ ಮನೆ ಅವರದು, ನಡುವೆ ಒಂದೇ ಗೋಡೆ. ಗಂಡ ಓಬಳೇಶ ಕಲ್ಲುಗಣಿಯಲ್ಲಿ ಬಂಡೆ ಜಾರಿ ಸತ್ತು ಏಳು ತಿಂಗಳಾಗಿತ್ತು. ಮನೆಯಲ್ಲಿ ಉಳಿದಿದ್ದವರು ಇವಳು ಮತ್ತು ಅತ್ತೆ ಹಂಪಮ್ಮ. ಹಂಪಮ್ಮನಿಗೆ ಕಣ್ಣು ಹೋಗಿ ಬಹಳ ವರ್ಷ. ನೆರೆಯವರಾದರೂ ಆಕೆ ನಮ್ಮ ಮನೆಯ ಒಂದು ಲೋಟ ನೀರೂ ಮುಟ್ಟಿದವರಲ್ಲ. ಹಳೆಯ ಕಾಲದ ಬಿಗುಮಾನ ಎಂದುಕೊಂಡಿದ್ದೆ. ಇನ್ನೊಂದು ವಿಷಯ ಹೇಳಬೇಕು. ನಮ್ಮೂರ ಹೆಂಗಸರು ನನ್ನ ಅಂಗಡಿಗೆ ಒಬ್ಬರೇ ಬರುವುದಿಲ್ಲ, ಜೊತೆಗೆ ಯಾರನ್ನಾದರೂ ಕರೆದುಕೊಂಡೇ ಬರುತ್ತಾರೆ. ಅದೂ ಒಂದು ರೂಢಿ ಎಂದೇ ತಿಳಿದಿದ್ದೆ. ಒಬ್ಬಳೇ ಬಂದ ಮೊದಲನೆಯವಳು ಮಾಳಮ್ಮ.

ಕೈ ಚಾಚು ಎಂದೆ. ಅಳತೆ ತೆಗೆಯಲು ಸೆರಗು ಸರಿಸಿದಾಗ ಮುಂಗೈಯಿಂದ ಮೊಣಕೈವರೆಗೆ ಸಾಲು ಸಾಲಾಗಿ ಸುಟ್ಟ ಗುರುತುಗಳು ಕಂಡವು. ಕೆಲವು ಬೆಳ್ಳಗಾಗಿದ್ದವು, ಕೆಲವುಗಳ ಕೆಂಪು ಇನ್ನೂ ಪೂರ್ತಿ ಮಾಸಿರಲಿಲ್ಲ. ಸಣ್ಣ ತೋಟಾದ್ದು, ಹಗುರವಾದದ್ದು, ನಾಲ್ಕು ಪಟ್ಟಿನ ದುರ್ಬೀನಿನದು ಒಂದನ್ನು ತೆಗೆದು ಅವಳ ಮುಂದಿಟ್ಟೆ.

‘ಇದು ಬೇಡ ಕುಬೇರಣ್ಣ,’ ಎಂದಳು. ‘ತಪ್ಪಿದ ಬಂದೂಕು ಯಾವುದು? ಅದನ್ನ ಕೊಡು.’

‘ಅದನ್ನ ಯಾರೂ ಮುಟ್ಟಲ್ಲ ತಾಯಿ. ಅದು ನಂದು.’

‘ಗೊತ್ತೈತೆ. ಅದ್ಕೇ ಕೇಳಿದ್ದು.’

ತಪ್ಪಿಸಬೇಕೆಂದಿದ್ದರೆ ಹೊಲದಲ್ಲಿ ನಿಂತು ಆಕಾಶಕ್ಕೆ ಹೊಡೆದರಾಯಿತಲ್ಲ, ಅದಕ್ಕೆ ಅಂಥ ಬಂದೂಕೇ ಯಾಕೆ ಎಂದೆ. ಅವಳು ಒಂದು ಕ್ಷಣ ತನ್ನ ಕೈಯನ್ನೇ ನೋಡಿಕೊಂಡಳು.

‘ನನ್ನ ಕೈನ ನಂಬಕ್ಕಾಗಲ್ಲ. ಆಕಾಶಕ್ಕೆ ಅಂತ್ಲೇ ಹಿಡ್ದಿರ್ತೀನಿ, ಅವನ್ನ ಕಂಡ ತಕ್ಷಣ ಸಿಟ್ಟಿಗೆ ನೆಟ್ಟಗೆ ಎದೆಗೇ ಹೊಡ್ದುಬಿಡ್ತದೆ. ಆಮೇಲೆ ನಾನು ಸಾಯೋವರ್ಗೂ ಅವನು ನನ್ನ ತಲೇಲೇ ಇರ್ತಾನೆ. ಹನ್ನೆರಡು ವರ್ಷ ಇದ್ದಿದ್ದು ಸಾಕು. ನಾನು ಎಲ್ಲಿ ಗುರಿ ಇಟ್ರೂ ತಪ್ಪೋ ಬಂದೂಕು ಬೇಕು ನಂಗೆ.’

‘ಮತ್ತೆ ನಿಮ್ಮತ್ತೆ? ಮಗನ ಹೆಸರೂ ಉಳಿಯಲ್ಲ ಅವರಿಗೆ.’

‘ಅದೊಂದು ಪಾಪ ನನ್ನ ತಲೆಗಿರ್ಲಿ,’ ಎಂದಳು. ದನಿ ಸಣ್ಣಗಾಯಿತು. ಅತ್ತೆಯನ್ನು ಕಂಡರೆ ಅವಳಿಗೆ ಪ್ರಾಣ, ಅದು ಬೀದಿಗೆಲ್ಲ ಗೊತ್ತು.

ಬಂದೂಕು ಇಳಿಸಿ ಮೇಜಿನ ಮೇಲಿಟ್ಟೆ. ಧೂಳು ಒರೆಸಿದರೆ ಮೇಲಿದ್ದದ್ದು ಒಂಬತ್ತು ಪಟ್ಟಿನ ದುರ್ಬೀನು. ಊರಿಗೆಲ್ಲ ನಾಲ್ಕು ಸಾಕು ಎನ್ನುವ ನಾನು ನನಗೆ ಮಾತ್ರ ಒಂಬತ್ತು ಯಾಕೆ ಹಾಕಿಕೊಂಡಿದ್ದೆನೋ. ದುರ್ಬೀನಿನ ತಲೆಯ ಮೇಲೆ ಒಂದು ಸಣ್ಣ ತಿರುಪು ಇರುತ್ತದೆ, ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತಾ ಗುರಿಯನ್ನು ಮೇಲೆ ಕೆಳಗೆ ಮಾಡುತ್ತದೆ. ನೂರಿಪ್ಪತ್ತು ಹೆಜ್ಜೆ ದೂರಕ್ಕೆ ಗುರಿ ಕೂಡಿಸಿದ ಮೇಲೆ ತಿರುಪಿನ ಅಂಚಿಗೊಂದು ಸೂಜಿಗೀರು ಎಳೆದು, ಮುಚ್ಚಳ ಬಿಗಿದು, ಅದರ ಮೇಲೆ ಅರಗು ಬಿಟ್ಟು ನನ್ನ ಉಂಗುರ ಒತ್ತುವುದು ನನ್ನ ಪದ್ಧತಿ. ಆಮೇಲೆ ಯಾರ ಕೈಯೂ ತಾಗಬಾರದು. ಈ ಬಂದೂಕಿನ ಅರಗೂ ಹಾಗೇ ಇತ್ತು, ಉಂಗುರದ ಮುದ್ರೆ ಚೆನ್ನಾಗಿ ಕಾಣುತ್ತಿತ್ತು.

ಹನ್ನೊಂದು ವರ್ಷದ ಅರಗನ್ನು ಚಾಕುವಿನಿಂದ ಎಬ್ಬಿಸಿ ಮುಚ್ಚಳ ತೆಗೆದೆ. ಸೂಜಿಗೀರು ಇರಬೇಕಾದ ಕಡೆ ಇರಲಿಲ್ಲ, ಹಿಂದಕ್ಕೆ ಹೋಗಿತ್ತು. ಹೆಬ್ಬೆರಳಿನಿಂದ ತಿರುಗಿಸುತ್ತಾ ಎಣಿಸಿದೆ. ಗೀರು ತನ್ನ ಜಾಗಕ್ಕೆ ಬರಲು ನಲವತ್ತೆಂಟು ಟಿಕ್ ಬೇಕಾಯಿತು. ನಲವತ್ತೆಂಟು ಎಂದರೆ ಎದೆಗೆ ಗುರಿಯಿಟ್ಟ ಗುಂಡು ಬೆನ್ನಿನ ಮೇಲಿಂದ ಹಾದುಹೋಗುತ್ತದೆ. ತಿರುಪು ತಾನಾಗಿ ತಿರುಗುವುದಿಲ್ಲ. ಅರಗು ಒಡೆದಿರಲಿಲ್ಲ. ಉಂಗುರ ನನ್ನ ಬೆರಳಲ್ಲೇ ಇತ್ತು. ಕೈ ನಡುಗಿ ತಪ್ಪಿತು ಎಂದು ನಾನು ನಂಬಿದ್ದೆ, ಊರೂ ನಂಬಿತ್ತು. ನಾನು ಬೇಕೆಂದೇ ತಪ್ಪಿಸಿದ್ದೆ.

ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ನನಗೆ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ನನ್ನದೇ ಕೈ ನನಗೆ ತಿಳಿಯದಂತೆ ಏನೋ ಮಾಡಿ ಮುಚ್ಚಿಟ್ಟು, ಮುದ್ರೆ ಬೇರೆ ಒತ್ತಿತ್ತು.

‘ಯಾಕಣ್ಣ?’ ಎಂದಳು ಮಾಳಮ್ಮ.

‘ನಾನೂ ನಿನ್ನ ಹಾಗೇ ಮಾಡಿದ್ದೀನಿ ನೋಡು. ಯಾಕೆ ಮಾಡಿದೆ ಅಂತ ಗೊತ್ತಿಲ್ಲ. ಅವಳ ಜೊತೆಗೆ ಕಾರಣಾನೂ ಹೋಗೈತೆ.’ ಹೇಳುತ್ತಾ ಹೇಳುತ್ತಾ ಅವಳ ತೋಳಿನ ಮೇಲೆ ನನ್ನ ಕಣ್ಣು ಬಿತ್ತು. ‘ಕೇಳು ಮಾಳಮ್ಮ. ಗುಡ್ಡ ಹತ್ತಿ ಹೋಗೋದು ಅವನು. ಈ ಸುಟ್ಟ ಗುರುತು ಹೋಗಲ್ಲ. ನಾಳೆ ಬೆಳಿಗ್ಗೆ ಎದ್ದು ನೀನು ಈ ಕೈ ನೋಡ್ಕೋತೀಯ. ಯಾರು ಮಾಡಿದ್ದು ಅಂತ ಗೊತ್ತಿರಲ್ಲ. ಆಗ ನಾನೇ ಏನೋ ತಪ್ಪು ಮಾಡಿರ್ಬೇಕು, ನಾನೇ ಸುಟ್ಕೊಂಡಿರ್ಬೇಕು ಅಂದ್ಕೋತೀಯ. ಅವನು ಬಚಾವಾಗ್ತಾನೆ.’

ಅವಳು ಸೆರಗಿನಿಂದ ಕೈ ಮುಚ್ಚಿಕೊಂಡಳು.

‘ಬಂದೂಕನ್ನ ನಾನು ನೆಟ್ಟಗೆ ಮಾಡೇ ತರ್ತೀನಿ,’ ಎಂದೆ. ‘ತಪ್ಪಿಸಬೇಕು ಅಂದ್ರೆ ನಿನ್ನ ಕೈಯಿಂದ ತಪ್ಪಿಸು. ನನ್ನ ತಿರುಪಿನಿಂದ ಬೇಡ.’

‘ಒಳ್ಳೇ ಮಾತಾಡ್ತೀಯ ಕುಬೇರಣ್ಣ,’ ಎಂದು ಎದ್ದಳು. ಹೊಗಳಿದಳೋ ಹಂಗಿಸಿದಳೋ ತಿಳಿಯಲಿಲ್ಲ.

ಮಾರನೆಯ ದಿನ ಹಳ್ಳದ ದಂಡೆಯಲ್ಲಿ ಒಂದು ಮಡಕೆಯಿಟ್ಟು ನೂರಿಪ್ಪತ್ತು ಹೆಜ್ಜೆ ಎಣಿಸಿ ಹೊಡೆದೆ. ಮೂರು ಮಡಕೆ, ಮೂರೂ ನಡುವೆಯೇ ಒಡೆದವು. ಬಂದೂಕಿಗೆ ಯಾವ ದೋಷವೂ ಇರಲಿಲ್ಲ. ಹೊಸ ಅರಗು ಹಾಕಿದೆ.

ಓಬಳೇಶ ಬಂದದ್ದು ಎಂಟನೆಯ ದಿನ. ಬಂದೂಕನ್ನು ಹೊಲದ ತನಕ ಹೊತ್ತು ಹೊಡೆಯುವವರ ಕೈಗೆ ಕೊಡುವುದು ನನ್ನ ಕೆಲಸವಾದ್ದರಿಂದ ನಾನೂ ಇದ್ದೆ. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಹೊಲದ ಈ ತುದಿಯಲ್ಲಿ ಮರಳುಚೀಲ ಹಾಕಿ ಮಾಳಮ್ಮ ಬೋರಲಾಗಿ ಮಲಗಿದ್ದಳು. ಹಂಪಮ್ಮ ಸೊಸೆಯ ಪಕ್ಕದಲ್ಲಿ ನೆಲಕ್ಕೆ ಕುಳಿತು, ಅವಳ ಬೆನ್ನ ಮೇಲೆ ಕೈಯಿಟ್ಟಿದ್ದರು. ಆ ತುದಿಯಲ್ಲಿ, ಜಾಲಿಗಿಡದ ಪಕ್ಕ, ಕೊಂಬಿನ ಜಿಂಕೆಯೊಂದು ನಿಂತಿತ್ತು. ಇದ್ದಕ್ಕಿದ್ದಂತೆ ಕತ್ತನ್ನು ಎಡಕ್ಕೆ ಒಮ್ಮೆ ಜಾಡಿಸಿತು. ನನಗೂ ಗುರುತು ಸಿಕ್ಕಿತು. ಓಬಳೇಶ ಸಿಟ್ಟು ಬಂದಾಗ ಹಾಗೆ ಕತ್ತು ಲಟಕ್ಕೆನಿಸುತ್ತಿದ್ದ. ಮಾಳಮ್ಮ ಅದನ್ನು ನೋಡಿ ನೆಲಕ್ಕೆ ಇನ್ನಷ್ಟು ಅಂಟಿಕೊಂಡಳು. ಸತ್ತು ಜಿಂಕೆಯಾದವನ ಕತ್ತಿಗೂ ಹೆದರುವ ಹಾಗೆ ಮಾಡಿಟ್ಟು ಹೋಗಿದ್ದ ಪುಣ್ಯಾತ್ಮ.

‘ಬಂದನಾ ಮಾಳಿ?’ ಎಂದರು ಹಂಪಮ್ಮ.

‘ಬಂದವ್ನೆ ಅತ್ತೆ.’

‘ಹೆಂಗವ್ನೆ?’

‘ಚೆನ್ನಾಗವ್ನೆ. ಮೈ ಮಿಂಚ್ತೈತೆ.’

ಹಂಪಮ್ಮ ಮಗನ ಕಡೆ ಮುಖ ತಿರುಗಿಸಿದರು, ಅಂದಾಜಿನ ಮೇಲೆ. ಮಾಳಮ್ಮ ಬೋಲ್ಟ್ ಎಳೆದು ಇದ್ದ ಒಂದು ತೋಟಾ ತುಂಬಿದಳು. ಆ ಸದ್ದಿಗೆ ಮುದುಕಿ ಸೊಸೆಯ ಬೆನ್ನನ್ನು ಬಿಗಿಯಾಗಿ ಹಿಡಿದರು.

‘ಒಂದ್ಮಾತು ಹೇಳ್ತೀನಿ, ಕೇಳಿ ಹೊಡಿ,’ ಎಂದರು. ‘ನಾನು ಕುರುಡಿ, ಕಿವುಡಿ ಅಲ್ಲ. ಅವನು ನಿನ್ನ ಹೊಡೀವಾಗೆಲ್ಲ ನಂಗೆ ಕೇಳಿಸ್ತಿತ್ತು. ನೀನು ಬಾಯಿಗೆ ಸೆರಗು ತುರುಕ್ಕೊಂಡು ಅಳೋದೂ ಕೇಳಿಸ್ತಿತ್ತು. ಹೆತ್ತ ಹೊಟ್ಟೆ ಅಂತ ಸುಮ್ಕಿದ್ದೆ. ಗೋಡೆ ಆಚೆ ಕಡೆಯಿಂದ ಕೇಳಿಸ್ದಾಗ್ಲೂ ನೆರೆಮನೆ ವಿಷ್ಯ ಅಂತ ಸುಮ್ಕಿದ್ದೆ, ಒಳಗಿಂದ ಕೇಳಿಸ್ದಾಗ್ಲೂ ಸುಮ್ಕಿದ್ದೆ. ಸುಮ್ಕಿದ್ದೇ ಸುಮ್ಕಿದ್ದೇ ಬದುಕಾಯ್ತು. ನಿಂಗೆ ಅವನು ಬೇಡ ಅನ್ಸಿದ್ರೆ ಮೇಲಕ್ಕೆ ಹೊಡೆದುಬಿಡು. ನನ್ನ ಮುಖ ನೋಡಬ್ಯಾಡ. ನಂಗೂ ಮರೆತೋಗ್ಲಿ. ಅಷ್ಟಾದ್ರೂ ಮಾಡ್ತೀನಿ ನಿಂಗೆ.’

ಗೋಡೆಯ ಆಚೆ ಕಡೆ ಎಂದದ್ದು ನನ್ನ ಕಿವಿಗೂ ಬಿತ್ತು. ಆಗ ಅದು ನನ್ನೊಳಗೆ ಇಳಿಯಲಿಲ್ಲ. ನಾನು ನೋಡುತ್ತಿದ್ದದ್ದು ಮಾಳಮ್ಮನ ಬೆರಳನ್ನು.

ಅವಳು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ‘ಕಣ್ಣು ಕಾಣಿಸ್ತೈತೆ ಅತ್ತೆ,’ ಎಂದಳು.

‘ಹೆಂಗೈತೆ?’

‘ಹೆದ್ರೈತೆ. ನನ್ನ ಕಂಡು ಹೆದ್ರೈತೆ. ಹನ್ನೆರಡು ವರ್ಷದಾಗೆ ಇದೇ ಮೊದಲ್ನೇ ಸಲ.’ ಅವಳು ಅಳುತ್ತಿದ್ದಳು, ಆದರೆ ಬಂದೂಕು ಅಲುಗುತ್ತಿರಲಿಲ್ಲ. ‘ನೀನೂ ಮರೆತ್ರೆ ಹೆಂಗತ್ತೆ? ನಂಗಾಗಿದ್ದಕ್ಕೆ ಸಾಕ್ಷಿ ಅಂತ ಇರೋಳು ನೀನೊಬ್ಳೇ. ಇವತ್ತು ಗೊತ್ತಾಯ್ತು.’

ಗುಂಡು ಹಾರಿತು. ಜಿಂಕೆ ನಿಂತಲ್ಲೇ ಮೊಣಕಾಲೂರಿ, ಹಾಗೇ ಪಕ್ಕಕ್ಕೆ ಒರಗಿತು. ಒಂದು ಹೆಜ್ಜೆಯೂ ಓಡಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಚೊಕ್ಕವಾದ ಗುಂಡನ್ನು ನಾನು ಕಂಡಿಲ್ಲ. ಹಂಪಮ್ಮ ಓಬಳೇಶಾ ಎಂದು ಎದೆ ಎದೆ ಬಡಿದುಕೊಂಡರು. ಹೆಸರು ಉಳಿದಿತ್ತು. ಸೊಸೆ ಎದ್ದು ಅತ್ತೆಯನ್ನು ತಬ್ಬಿಕೊಂಡಳು, ಇಬ್ಬರೂ ಆ ಚಳಿಯಲ್ಲಿ ನೆಲದ ಮೇಲೆ ಕುಳಿತು ಅತ್ತರು. ಒಬ್ಬರು ಮಗನಿಗಾಗಿ, ಒಬ್ಬಳು ತನಗಾಗಿ.

ಮಾಳಮ್ಮ ಬಂದೂಕು ವಾಪಸು ಕೊಡಲು ಬಂದಾಗ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. ಕಣ್ಣು ಒತ್ತಬೇಡ ಎಂದು ನಾನು ಹೇಳುವುದನ್ನೇ ಮರೆತಿದ್ದೆ.

‘ಇರ್ಲಿ ಬಿಡು, ಇದೊಂದಾದ್ರೂ ನಾನೇ ಮಾಡ್ಕೊಂಡ ಗಾಯ,’ ಎಂದಳು. ‘ಎಲ್ಲಾ ನೆನಪೈತೆ ಕುಬೇರಣ್ಣ. ಒಂದೊಂದು ಏಟೂ ನೆನಪೈತೆ. ನೀನು ಹೇಳಿದ್ದು ಸರಿ, ಗುರುತಿಗೆ ಕಾರಣ ಗೊತ್ತಿರ್ಬೇಕು.’ ಆಮೇಲೆ ನನ್ನ ಮುಖವನ್ನೇ ನೋಡುತ್ತಾ, ‘ನಿನ್ನ ಮೈಮ್ಯಾಲೆ ಏನಾದ್ರೂ ಗುರುತೈತಾ?’ ಎಂದಳು.

‘ಇರ್ಬೇಕು, ಯಾರು ನೋಡ್ಕೊಂಡವ್ರೆ,’ ಎಂದು ನಕ್ಕೆ. ಅವಳು ನಗಲಿಲ್ಲ.

ಮನೆಗೆ ಬಂದಾಗ ಬಿಸಿಲು ಹಿತ್ತಿಲಿನ ಬಾಗಿಲಿನಿಂದ ಒಳಗೆ ಬಿದ್ದಿತ್ತು. ಬಾಗಿಲು ಹಾಕಿ, ಅಂಗಿ ಬಿಚ್ಚಿ, ಬಿಸಿಲಿಗೆ ನಿಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು, ತೋಳು, ಎದೆ, ತೊಡೆ ಎಲ್ಲ ಮುಟ್ಟಿ ನೋಡಿಕೊಂಡೆ. ಬೆನ್ನನ್ನು ಕನ್ನಡಿ ಹಿಡಿದು ನೋಡಿದೆ. ಅರವತ್ತು ವರ್ಷದ ಮೈಯಲ್ಲಿ ಒಂದೇ ಒಂದು ಸುಟ್ಟ ಗುರುತಿರಲಿಲ್ಲ, ಒಂದು ಗೀರಿರಲಿಲ್ಲ, ಹುಬ್ಬು ಸಹ ಒಡೆದಿರಲಿಲ್ಲ. ಕೌದಿ ಗೂಟದಲ್ಲಿ ನೇತಾಡುತ್ತಿತ್ತು. ಅಂಗಡಿಗೆ ಜೋಡಿಯಾಗಿ ಬರುವ ಹೆಂಗಸರು, ಮುಟ್ಟದ ನೀರಿನ ಲೋಟ, ಗೋಡೆಯ ಆಚೆಯ ಸದ್ದು, ಎಲ್ಲ ಒಟ್ಟಿಗೇ ತಲೆಗೆ ಬಂದವು. ಅಂಗಿ ಹಾಕಿಕೊಂಡದ್ದೂ ನೆನಪಿಲ್ಲ. ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದೆ.

ಹಿತ್ತಿಲಲ್ಲಿ ಮಣ್ಣು ಅಗೆಯುವ ಸದ್ದು ಬರುತ್ತಿತ್ತು. ಹಂಪಮ್ಮ ಹೊಸಿಲಿನ ಮೇಲೆ ಕುಳಿತಿದ್ದರು.

‘ಹಂಪಜ್ಜಿ, ನಮ್ಮ ಮನೆಯಿಂದ ನಿಮಗೆ ಏನು ಕೇಳಿಸ್ತಿತ್ತು?’ ಎಂದೆ.

ಹಂಪಮ್ಮ ಸುಸ್ತಾದವರಂತೆ ಉಸಿರುಬಿಟ್ಟರು. ‘ಎಷ್ಟು ಸಲ ಹೇಳ್ಲಪ್ಪಾ ಕುಬೇರ? ವರ್ಷಾ ವರ್ಷಾ ಬಂದು ಕೇಳ್ತೀಯ.’

‘ಇನ್ನೊಂದ್ಸಲ ಹೇಳಿ.’

ಹೇಳಿದರು. ಸಂಜೆ ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ಶುರುವಾಗುತ್ತಿದ್ದದ್ದು, ಒಲೆ ಊದುವ ಕಬ್ಬಿಣದ ಕೊಳವೆಯಿಂದ ಹೊಡೆಯುತ್ತಿದ್ದದ್ದು, ಆಮೇಲೆ ತಾಸುಗಟ್ಟಲೆ ಸದ್ದೇ ಇಲ್ಲದ್ದು, ಕೊನೆಗೆ ಒಂದು ಮಧ್ಯಾಹ್ನ ಬಾವಿಯ ರಾಟೆ ಒಮ್ಮೆಲೇ ಗಿರ್ರನೆ ತಿರುಗಿ, ನೀರಿಗೆ ದೊಪ್ಪನೆ ಬಿದ್ದ ಸದ್ದಾಗಿ ನಿಂತದ್ದು. ಆಕೆಯ ಹೆಸರನ್ನೂ ಹೇಳಿದರು. ನಾನು ಒಂದು ಮಾತೂ ಬಿಡದೆ ಕೇಳಿದೆ. ಕೇಳುತ್ತಾ ಕೇಳುತ್ತಾ ನನ್ನ ಕಣ್ಣಲ್ಲಿ ನೀರು ತುಂಬಿತು. ಯಾರ ಮನೆಯ ಹೆಣ್ಣುಮಗಳೋ ಏನೋ.

‘ಅಯ್ಯೋ ಪಾಪ, ಎಂಥವನ ಕೈಗೆ ಸಿಕ್ಕಿದ್ಳು,’ ಎಂದೆ.

‘ಹೋದ ವರ್ಷಾನೂ ಇದೇ ಮಾತು ಅಂದಿದ್ದೆ,’ ಎಂದರು ಹಂಪಮ್ಮ. ಗೋಡೆ ಹಿಡಿದು ಎದ್ದು, ಮಗನಿಗೆ ಮಣ್ಣು ಹಾಕಲು ಒಳಗೆ ಹೋದರು.